ಹನ್ನೆರಡನೆಯ ಪದ್ಯ

ನಮ್ಮ ಕೊಲ್ಲಿಯಲ್ಲಿ ಹಾಡುವಾಗ ಆ ಹಾಡಿಗೆ ಹದಿನಾರು ಪದ್ಯ. ವಿಶ್ವವಿದ್ಯಾಲಯದ ಟೇಪಿನಲ್ಲಿ ಹದಿನೇಳು.

ಹೆಚ್ಚಿಗೆ ಇರುವುದು ಹನ್ನೆರಡನೆಯದು. ನಮ್ಮಲ್ಲಿ ಹನ್ನೊಂದನೆಯ ಪದ್ಯ ಮುಗಿದ ಕೂಡಲೇ ಹಾಡುವವರು ನಿಲ್ಲಿಸಿ ನೀರು ಕುಡಿಯುತ್ತಾರೆ. ಯಾರಾದರೊಬ್ಬರು ಲೋಟ ಕೊಡುತ್ತಾರೆ. ಎರಡು ಗುಟುಕು ಕುಡಿದು, ಬಾಯಿ ಒರೆಸಿಕೊಂಡು ಮುಂದಕ್ಕೆ ಹೋಗುತ್ತಾರೆ. ಚಿಕ್ಕವಳಿದ್ದಾಗ ನೀರು ಕುಡಿಯುವುದೂ ಹಾಡಿನ ಭಾಗವೆಂದೇ ತಿಳಿದಿದ್ದೆ. ಊರೆಲ್ಲ ಅತ್ತೆ ಎಂದೇ ಕರೆಯುವ ಎಕ್ಸಿಲ್ದಾ ನನಗೆ ಹಾಗೆಯೇ ಕಲಿಸಿದ್ದರು.

ಹಾಡು ೧೯೨೬ರ ಆಗಸ್ಟಿನದು. ಎರಡು ದೋಣಿಗಳು ಬಂಗುಡೆ ಹಿಡಿದು ವಾಪಸಾಗುತ್ತಿದ್ದವು. ದೊಡ್ಡದು ಚಿಕ್ಕದನ್ನು ಹಗ್ಗ ಕಟ್ಟಿ ಎಳೆದು ತರುತ್ತಿತ್ತು. ಗಾಳಿ ಎದ್ದಿತು. ದೊಡ್ಡ ದೋಣಿಯಲ್ಲಿದ್ದ ತಿಲ್ಮೋನ್ ಮತ್ತು ಅವನ ಸೋದರಮಾವ ದಡ ಸೇರಿದರು. ಚಿಕ್ಕದರಲ್ಲಿದ್ದ ಮೂವರು ಸೇರಲಿಲ್ಲ. ಹಗ್ಗ ಹರಿದುಹೋಯಿತು ಎಂದು ತಿಲ್ಮೋನ್ ಹೇಳಿದ. ಮೂರು ದಿನದ ಮೇಲೆ ಖಾಲಿ ದೋಣಿ ತೇಲಿ ಬಂತು. ಮೂತಿಗೆ ಕಟ್ಟಿದ ಹಗ್ಗ ಹಾಗೇ ಇತ್ತು. ಸತ್ತವರಲ್ಲಿ ಒಬ್ಬನ ತಂಗಿ ಹಾಡು ಕಟ್ಟಿದಳು. ಆಗ ನಮ್ಮಲ್ಲಿ ಯಾರು ಮುಳುಗಿದರೂ ಹಾಡು ಕಟ್ಟುತ್ತಿದ್ದರು. ಅವಳು ಕಟ್ಟಿದ ಹನ್ನೆರಡನೆಯ ಪದ್ಯ ಹೀಗಿದೆ:

ದಡಕೆ ಬಂತು ಖಾಲಿ ದೋಣಿ, ಹಗ್ಗವನ್ನೂ ಎಳೆದು;
ಹಗ್ಗದ ತುದಿಯ ನೋಡಿದೆವು, ಹೋಗಿರಲಿಲ್ಲ ಹರಿದು.
ಮೀನಿಗೆಂದು ಮಸೆದಿಟ್ಟದ್ದು ಹರಿತವಾದ ಚೂರಿ,
ಲೂಕನ ಮಗನೆ ತಿಲ್ಮೋನಾ, ಹೋಯಿತೆಲ್ಲಿ ಜಾರಿ?

ಹರಿದ ಹಗ್ಗದ ತುದಿ ಕುಂಚದ ಹಾಗೆ ಬಿಚ್ಚಿಕೊಂಡಿರುತ್ತದೆ. ಕೊಯ್ದ ಹಗ್ಗದ ತುದಿ ಹಾಗಿರುವುದಿಲ್ಲ. ಮೀನುಗಾರರ ಊರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೆಸರಿನ ವಿಷಯವೂ ಹಾಗೆಯೇ. ಕೊಲ್ಲಿಯಲ್ಲಿ ಮೂರಕ್ಕೆ ಎರಡು ಮನೆಯವರ ಮನೆತನದ ಹೆಸರು ದುಗೆ. ಆದ್ದರಿಂದ ಅದನ್ನು ಯಾರೂ ಬಳಸುವುದಿಲ್ಲ, ಅಪ್ಪ-ಅಜ್ಜಂದಿರ ಹೆಸರು ಸೇರಿಸಿ ಕರೆಯುತ್ತಾರೆ. ನಾನು ದೊಜಿತೆಯ ಇವೊನ್‌ನ ಕೊರಿನ್. ಲೂಕನ ತಿಲ್ಮೋನ್ ಅಂದರೆ ಇಡೀ ಕರಾವಳಿಯಲ್ಲಿ ಒಬ್ಬನೇ. ಅವನ ಒಬ್ಬಳೇ ಮಗಳು ಎಕ್ಸಿಲ್ದಾ ಅತ್ತೆ.

ಅತ್ತೆಗೆ ಎಪ್ಪತ್ತೊಂಬತ್ತು. ಚರ್ಚಿನ ಗಾಯನ ತಂಡವನ್ನು ನಲವತ್ತೆರಡು ವರ್ಷ ನಡೆಸಿದವರು. ಕೊಲ್ಲಿಯಲ್ಲಿ ಬಾಯಿ ತೆರೆದು ಹಾಡುವವರೆಲ್ಲ ಅವರ ಅಡುಗೆಮನೆಯಲ್ಲಿ ಕಲಿತವರೇ. ಮಕ್ಕಳಿರಲಿಲ್ಲ. ಗಂಡ ಫಿದೆಲ್ ಒಳ್ಳೆಯ ಹಾಡುಗಾರ, ಸತ್ತು ಒಂಬತ್ತು ವರ್ಷವಾಗಿತ್ತು. ಯಾರ ಮನೆಯಲ್ಲಿ ಹಾಡಿನ ಕೂಟವಿದ್ದರೂ ಅತ್ತೆ ಇದ್ದೇ ಇರುತ್ತಿದ್ದರು, ಆದ್ದರಿಂದ ನೀರು ಕುಡಿಯುವುದೂ ಇದ್ದೇ ಇರುತ್ತಿತ್ತು. ಅಲ್ಲೊಂದು ಪದ್ಯ ಬಿಟ್ಟಿದೆ, ಯಾಕೆ ಬಿಟ್ಟಿದೆ ಎಂಬುದು ದೊಡ್ಡವರಾಗುತ್ತ ನಮಗೆಲ್ಲ ಮನೆಯಲ್ಲೇ ತಿಳಿಯುತ್ತಿತ್ತು. ಅತ್ತೆಗೆ ಆ ಪದ್ಯ ಗೊತ್ತು ಎಂದು ಕೆಲವರು, ಗೊತ್ತಿಲ್ಲ ಎಂದು ಕೆಲವರು. ಯಾರೂ ಕೇಳಿರಲಿಲ್ಲ.

ನಾನು ಏಡಿ ಕಾರ್ಖಾನೆಯಲ್ಲಿ ಕಾಲು ಮುರಿಯುವ ಸಾಲಿನಲ್ಲಿ ಕೆಲಸ ಮಾಡುವವಳು. ಏಡಿಯ ಕಾಲು. ಜುಲೈ ಮುಗಿದರೆ ಕೆಲಸವೂ ಮುಗಿಯಿತು. ಎರಡು ವರ್ಷದ ಹಿಂದೆ ಅಂಥ ಒಂದು ಆಗಸ್ಟಿನಲ್ಲಿ ಮಂಕ್ಟನ್ ಪಟ್ಟಣಕ್ಕೆ ಹೋಗಿ ಅಲ್ಲಿನ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ನನ್ನ ಅಜ್ಜ ದೊಜಿತೆಯ ಟೇಪು ಕೇಳಿದೆ. ೧೯೬೧ರಲ್ಲಿ ಒಬ್ಬ ಪಾದ್ರಿ ಹಾಡು ಸಂಗ್ರಹಿಸುತ್ತ ಬಂದಿದ್ದರಂತೆ. ಅಜ್ಜ ಹನ್ನೊಂದನೆಯ ಪದ್ಯ ಮುಗಿಸಿದ. ನನ್ನ ಕೈ ತಾನಾಗಿ ನೀರಿನ ಬಾಟಲಿಗೆ ಹೋಯಿತು. ಅಜ್ಜ ನಿಲ್ಲಿಸಲಿಲ್ಲ.

ನಾನು ಅದನ್ನು ಆರು ಸಲ ಕೇಳಿದೆ. ಬೇರೆ ಪದ್ಯಗಳಲ್ಲಿ ಅಲೆ, ಗಾಳಿ, ತಾಯಿಯ ಕಣ್ಣೀರು; ಯಾವ ಹಾಡಿನಲ್ಲೂ ಇರುವಂಥವು. ಇದರಲ್ಲಿ ಮಾತ್ರ ಒಬ್ಬ ಮನುಷ್ಯನಿದ್ದ.

ಬೆಲ್ಜಿಯಂನ ಲಿಯೇಜ್ ಪಟ್ಟಣದಲ್ಲಿ ಜನಪದ ಹಾಡಿನ ಅಂತರರಾಷ್ಟ್ರೀಯ ಸ್ಪರ್ಧೆ, ಹತ್ತೊಂಬತ್ತು ದೇಶ, ಒಬ್ಬೊಬ್ಬರು ಒಂದೊಂದು ಹಾಡು. ಅಲ್ಲಿಗೆ ನಮ್ಮ ಕಡೆಯಿಂದ ಒಬ್ಬರನ್ನು ಆರಿಸಲು ಮಂಕ್ಟನ್ನಿನಲ್ಲಿ ಆಯ್ಕೆ ನಡೆಯಿತು. ನಾನು ಹದಿನೇಳೂ ಪದ್ಯ ಹಾಡಿದೆ. ನಮ್ಮಲ್ಲಿ ಕೊನೆಯ ಸಾಲನ್ನು ಹಾಡುವುದಿಲ್ಲ, ಮಾತಿನಲ್ಲಿ ಹೇಳಿಬಿಡುತ್ತಾರೆ; ಹಾಡು ಮುಗಿಯಿತು, ಇನ್ನು ಚಹಾ ಕುಡಿಯಿರಿ ಎಂಬಂತೆ. ಹಾಗೆಯೇ ಹೇಳಿ ಮುಗಿಸಿದೆ. ತೀರ್ಪುಗಾರರಲ್ಲಿ ಒಬ್ಬಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಆ ಚೂರಿ," ಅಂದಳು, "ಆ ಚೂರಿ ಜಾರಿದ್ದು." ನಾನು ಆಯ್ಕೆಯಾದೆ. ಮಂಕ್ಟನ್ನಿನಲ್ಲಿ ಹಾಡುವಾಗ ಕೊಲ್ಲಿ ಮೂರು ಗಂಟೆ ದೂರದಲ್ಲಿತ್ತು. ಅಷ್ಟು ದೂರ ಸಾಕು ಅಂದುಕೊಂಡಿದ್ದೆ.

ಊರಿಗೆ ಬಂದಾಗ ಅಪ್ಪ ದೋಣಿ ಕಟ್ಟುವ ಧಕ್ಕೆಯಲ್ಲಿ ತನ್ನ ದೋಣಿ ತೊಳೆಯುತ್ತಿದ್ದ.

"ಎಷ್ಟು ಪದ್ಯ ಹಾಡಿದೆ?" ಅಂತ ಕೇಳಿದ. ಗೆದ್ದೆಯಾ ಅಂತ ಕೇಳಲಿಲ್ಲ.

"ಪೂರ್ತಿ."

"ಪೂರ್ತಿ ಅಂದ್ರೆ ನೀರು ಸಮೇತವಾ, ನೀರು ಬಿಟ್ಟಾ?"

"ಅಪ್ಪ, ಅಜ್ಜನೇ ಹಾಡಿದಾನೆ ಟೇಪಲ್ಲಿ. ಅಸಲಿ ಹಾಡು ಅದೇ."

"ನಿಮ್ಮಜ್ಜ ಪಾದ್ರಿ ಮುಂದೆ ಹಾಡಿದ. ಪಾದ್ರಿ ಯಾರಿಗೂ ಹೇಳಲ್ಲ ಅಂತ ನಂಬಿದ್ದ, ಮುಗ್ಧ." ಬಕೆಟ್ಟಿನ ನೀರನ್ನು ದೋಣಿಗೆ ಎರಚಿದ. "ನಾವು ಎಂಬತ್ತು ವರ್ಷದಿಂದ ಅಲ್ಲಿ ನೀರು ಕುಡ್ಕೊಂಡು ಬಂದಿದೀವಿ. ಅದಕ್ಕೇ ಈ ಊರಲ್ಲಿ ಒಬ್ಬರಿಗೂ ಮೂತ್ರಪಿಂಡದ ಕಾಯಿಲೆ ಇಲ್ಲ. ಆ ದೇಶದವರ ಮುಂದೆ ಏನು ಬೇಕಾದ್ರೂ ಹಾಡ್ಕೋ. ಆದ್ರೆ ಫೈನಲ್ಲು ಇಲ್ಲಿಗೂ ಬರುತ್ತಂತಲ್ಲ?"

ಬರುತ್ತಿತ್ತು. ಅಂತರಜಾಲದಲ್ಲಿ ನೇರ ಪ್ರಸಾರ. ಅಲ್ಲಿ ಸಂಜೆ ಎಂಟು, ಇಲ್ಲಿ ಭಾನುವಾರ ಮಧ್ಯಾಹ್ನ ಮೂರು. ಚರ್ಚಿನ ಸಭಾಂಗಣದಲ್ಲಿ ದೊಡ್ಡ ಪರದೆ ಕಟ್ಟುವುದೆಂದು ಆಗಲೇ ನಿಶ್ಚಯವಾಗಿತ್ತು. ಮೊದಲ ಸಾಲಿನ ನಡುವಿನ ಕುರ್ಚಿ ನನ್ನ ಗುರು ಎಕ್ಸಿಲ್ದಾ ಅತ್ತೆಗೆ.

"ಅವಳಿಗೆ ಮೊದಲೇ ಹೇಳು," ಅಂದ ಅಪ್ಪ. "ಇಲ್ಲಾ ನೀರು ಕುಡಿ. ಎರಡರಲ್ಲಿ ಒಂದು. ಮೂರನೇದು ಇಲ್ಲ."

ಸ್ಪರ್ಧೆಯ ನಿಯಮದ ಪ್ರಕಾರ ಅಚ್ಚಾದ ಪಠ್ಯವನ್ನೇ ಹಾಡಬೇಕು. ಸೆಪ್ಟೆಂಬರ್ ಕೊನೆಯವರೆಗೆ ಪಠ್ಯ ಬದಲಾಯಿಸಬಹುದಿತ್ತು. ನಾನು ನಮ್ಮ ಕಡೆಯ ಸಂಯೋಜಕ ನೊರ್ಮಾನ್‌ಗೆ ಫೋನ್ ಮಾಡಿದೆ. ಒಂದು ಪದ್ಯ ತೆಗೆಯಬಹುದೇ ಎಂದು ಕೇಳಿದೆ, ಯಾವುದೆಂದು ಹೇಳಿದೆ.

"ತೆಗೀಬಹುದು. ಒಂದು ಮೇಲ್ ಹಾಕಿದ್ರೆ ಮುಗೀತು," ಅಂದ. "ಆದ್ರೆ ಒಂದು ಮಾತು ಕೊರಿನ್. ಆ ಪದ್ಯ ತೆಗೆದ್ರೆ ಉಳಿಯೋದು ಹವಾಮಾನ ವರದಿ."

ಅವನು ನನ್ನನ್ನು ಒತ್ತಾಯಿಸಲಿಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಆಮೇಲೆ ನಾನು ಎಷ್ಟೋ ಜನರಿಗೆ ನೊರ್ಮಾನ್ ಬಿಡಲಿಲ್ಲ ಅಂತ ಹೇಳಿಕೊಂಡು ತಿರುಗಿದೆ. ಮೇಲ್ ಬರೆದಿಟ್ಟಿದ್ದೆ. ಎರಡು ಸಾಲು. ಸೆಪ್ಟೆಂಬರ್ ಮೂವತ್ತರವರೆಗೂ ಅದು ಕಳಿಸದೆ ಹಾಗೇ ಇತ್ತು. ಹಾಡು ಪೂರ್ತಿ ಇರಬೇಕು, ಸತ್ತ ಮೂವರಿಗೆ ನ್ಯಾಯ ಸಿಗಬೇಕು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಸತ್ತ ಮೂವರ ಹೆಸರು ಕೇಳಿದ್ದರೆ ಎರಡನ್ನು ಮಾತ್ರ ಹೇಳುತ್ತಿದ್ದೆ. ನನಗೆ ಗೆಲ್ಲಬೇಕಿತ್ತು. ಇಪ್ಪತ್ತೇಳು ವರ್ಷ ವಯಸ್ಸು, ಏಡಿಯ ಕಾಲು ಮುರಿದು ಮುರಿದು ಬೆರಳ ಸಂದುಗಳಲ್ಲಿ ಹೋಗದ ವಾಸನೆ. ಅದೊಂದು ಪದ್ಯ ನನ್ನನ್ನು ವಿಮಾನ ಹತ್ತಿಸಲಿತ್ತು.

ಪದ್ಯ ತೆಗೆಯಲಿಲ್ಲವೆಂದ ಮೇಲೆ ಅಪ್ಪ ಹೇಳಿದ ಇನ್ನೊಂದು ದಾರಿ ಉಳಿದಿತ್ತು: ಮೊದಲೇ ಹೇಳುವುದು. ಹೊರಡುವ ಎರಡು ದಿನ ಮುಂಚೆ ಅತ್ತೆಯ ಮನೆಗೆ ಹೋದೆ.

ಅತ್ತೆ ಇಸ್ತ್ರಿ ಮಾಡುತ್ತಿದ್ದರು. ಕಡುನೀಲಿ ಬಟ್ಟೆ, ಹೊಸದು.

"ಬಾ ಹುಡುಗಿ. ಬಾಗಿಲು ಹಾಕು, ಚಳಿ ಬರ್ತಿದೆ. ಇದು ಹೇಗಿದೆ ನೋಡು. ಒಜಿತ್ ಜೊತೆ ಹೋಗಿ ತಂದೆ. ಮದುವಣಗಿತ್ತಿ ತರ ಕಾಣ್ತೀಯ ಅಂದ್ಲು, ಅವಳ ಕಣ್ಣಿಗೆ ಪೊರೆ ಬಂದಿದೆ, ಪಾಪ."

"ಚೆನ್ನಾಗಿದೆ ಅತ್ತೆ."

"ನೀನಲ್ಲಿ ಹಾಡ್ತೀಯ, ಪರದೇಲಿ ನಾನು ಕಾಣ್ತೀನಾ? ಇಲ್ಲ. ಆದ್ರೂ ತಗೊಂಡೆ." ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬ್ರೆಡ್ಡು, ಕಾಕಂಬಿ, ಚಹಾ ಮೇಜಿನ ಮೇಲೆ ಇಟ್ಟರು. "ತಿನ್ನು. ತಿಂತಾ ಕೇಳು. ನಾಲ್ಕನೇ ಪದ್ಯದಲ್ಲಿ ನೀನು ಉಸಿರು ಕದೀತೀಯ. ಮೈಕ್ ಮುಂದೆ ಅದು ಹಂದಿ ಮೂಸಿದ ಹಾಗೆ ಕೇಳುತ್ತೆ."

"ಸರಿ ಮಾಡ್ಕೋತೀನಿ."

"ಮತ್ತೆ ಅಲ್ಲಿ ವೇದಿಕೆ ಮೇಲೆ ನೀರು ಇಡ್ತಾರಾ, ಕೇಳ್ಕೊಂಡಿದ್ಯಾ? ಹನ್ನೊಂದನೇ ಪದ್ಯ ಆದ್ಮೇಲೆ ಕುಡೀದೆ ಇದ್ರೆ ಕೊನೇ ತನಕ ಗಂಟಲು ಬರಲ್ಲ. ಫಿದೆಲ್‌ನಂಥ ಗಂಟಲಿನವನೇ ಅಲ್ಲಿ ಕುಡೀತಿದ್ದ."

ನಾನು ಅವರ ಮುಖ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ. ಗಂಟಲಿನ ಬಗ್ಗೆ ಮಾತಾಡುತ್ತಿದ್ದ ಒಬ್ಬ ಸಂಗೀತದ ಮೇಷ್ಟರ ಮುಖ.

ಅವರಿಗೆ ಗೊತ್ತಿಲ್ಲ ಎಂದು ಅಂದು ನನಗೆ ಖಚಿತವಾಯಿತು. ತನ್ನ ಅಪ್ಪ ಏನು ಮಾಡಿದನೆಂದು ಗೊತ್ತಿಲ್ಲದ ಮುದುಕಿಗೆ ಅದನ್ನು ಬ್ರೆಡ್ಡು ತಿನ್ನುತ್ತ ಹೇಗೆ ಹೇಳುವುದು?

"ಅತ್ತೆ," ಅಂದೆ.

"ಏನು?"

"ನೀರು ಇಡ್ತಾರಾ ಅಂತ ಕೇಳ್ತೀನಿ."

"ಕೇಳು. ನಾಚ್ಕೋಬೇಡ."

ಬಾಗಿಲ ತನಕ ಬಂದು ನನ್ನ ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿ ಕಳಿಸಿದರು.

ಲಿಯೇಜಿನಲ್ಲಿ ನಾನು ನೀರು ಕೇಳಿದೆ. ಇಟ್ಟರು ಕೂಡ. ಎತ್ತರದ ಸ್ಟೂಲಿನ ಮೇಲೆ, ಕೈಗೆಟಕುವಂತೆ ಗಾಜಿನ ಲೋಟ. ಸಭಾಂಗಣದಲ್ಲಿ ಸಾವಿರದ ಇನ್ನೂರು ಜನ. ನನ್ನ ಹಿಂದೆ ದೊಡ್ಡ ಪರದೆಯ ಮೇಲೆ ಪದ್ಯಗಳು ಮೂರು ಭಾಷೆಗಳಲ್ಲಿ ಬರುತ್ತಿದ್ದವು. ನಾಲ್ಕನೆಯ ಪದ್ಯದಲ್ಲಿ ಉಸಿರು ಕದಿಯಲಿಲ್ಲ. ಹನ್ನೊಂದು ಮುಗಿಯಿತು. ಲೋಟ ನೋಡಿದೆ. ಕುಡಿದು ಹದಿಮೂರಕ್ಕೆ ಹೋಗಬಹುದಿತ್ತು. ಪರದೆಯ ಮೇಲಿನ ಪಠ್ಯ ತಪ್ಪುತ್ತಿತ್ತು, ಅಂಕ ಹೋಗುತ್ತಿತ್ತು, ಅಷ್ಟೇ. ಅಲ್ಲಿ ನಿಂತಾಗ ಅತ್ತೆ ನೆನಪಾಗಲಿಲ್ಲ ಅಂದರೆ ಸುಳ್ಳು. ನೀಲಿ ಬಟ್ಟೆ, ಮೊದಲ ಸಾಲು, ನಡುವಿನ ಕುರ್ಚಿ, ಎಲ್ಲ ಕಣ್ಣ ಮುಂದಿತ್ತು. ಕಣ್ಣ ಮುಂದಿಟ್ಟುಕೊಂಡೇ ಹಾಡಿದೆ. ಇನ್ನೂ ಕೆಟ್ಟದೆಂದರೆ, ಚೆನ್ನಾಗಿ ಹಾಡಿದೆ. ಆ ನಾಲ್ಕು ಸಾಲು ನನ್ನ ಬಾಯಲ್ಲಿ ಅಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ, ಮುಂದೆ ಬರುವುದೂ ಇಲ್ಲ.

ಮೂರನೇ ಸ್ಥಾನ ಬಂತು. ಮೊದಲನೆಯದು ಪೋರ್ಚುಗಲ್ಲಿನ ಒಬ್ಬ ಕುರುಬನಿಗೆ ಹೋಯಿತು, ನ್ಯಾಯವಾಗಿಯೇ.

ಹೋಟೆಲಿನಿಂದ ಅಪ್ಪನಿಗೆ ಫೋನ್ ಮಾಡಿದೆ.

"ನೋಡಿದ್ವಿ," ಅಂದ.

"ಅತ್ತೆ?"

"ಕೂತಿದ್ಲು. ಆ ಪದ್ಯ ಬಂದಾಗ ಯಾರೂ ಅವಳ ಕಡೆ ನೋಡ್ಲಿಲ್ಲ. ಇನ್ನೂರು ಜನ ಏಕ್ದಂ ತಮ್ಮ ತಮ್ಮ ಬೂಟು ನೋಡ್ಕೊಂಡ್ರು. ಅಲ್ಸೀದ್ ಅಂತೂ ಬಗ್ಗಿ ದಾರ ಬಿಚ್ಚಿ ಮತ್ತೆ ಕಟ್ಟಿದ. ಮುಗಿದ ಮೇಲೆ ಮೊದಲು ಚಪ್ಪಾಳೆ ಹೊಡೆದದ್ದು ಅವಳೇ. ಅವಳು ನಿಲ್ಲಿಸೋ ತನಕ ಯಾರಿಗೂ ನಿಲ್ಲಿಸೋ ಧೈರ್ಯ ಬರ್ಲಿಲ್ಲ. ಆಮೇಲೆ ಎದ್ದು ನಡ್ಕೊಂಡು ಮನೆಗೆ ಹೋದ್ಲು. ಎಲ್ರಿಗೂ ಊಟಕ್ಕೆ ಅಂತ ಫ್ರಿಕೊ ಮಾಡಿದ್ರು, ಎರಡು ದೊಡ್ಡ ಪಾತ್ರೆ, ಕೋಳಿ ಹಾಕಿ. ಅರ್ಧ ಉಳೀತು."

"ನಂಗೆ ಬೈಯಲ್ವಾ?"

"ನಾನ್ಯಾಕೆ ಬೈಲಿ? ನಾನೂ ಹೇಳ್ಬಹುದಿತ್ತು ಅವಳಿಗೆ. ಆರು ವಾರ ಟೈಮಿತ್ತು. ನೀನು ಹೇಳ್ತೀಯ ಅಂತ ನಾನು ಸುಮ್ಮನಿದ್ದೆ. ಇಡೀ ಊರು ಹಾಗೇ ಇತ್ತು."

ಊರಿಗೆ ಬಂದ ಮೇಲೆ ಐದು ದಿನ ನಾನು ಆ ಮನೆಯ ಮುಂದೆ ಹೋಗಲಿಲ್ಲ. ಅಂಗಡಿಗೆ ಹೋಗಬೇಕಾದರೆ ದಡದ ಕಲ್ಲುಗಳ ಮೇಲೆ ನಡೆದುಕೊಂಡು ಹೋದೆ. ಆರನೆಯ ದಿನ ಅತ್ತೆಯೇ ಫೋನ್ ಮಾಡಿದರು. "ಬಂದು ಐದು ದಿನ ಆಯ್ತಂತೆ. ಬಾ," ಅಂದರು.

ಬಾಗಿಲು ತೆರೆದೇ ಇತ್ತು. ಚಹಾ ಇರಲಿಲ್ಲ. ಮೇಜಿನ ಆಚೆ ಬದಿಯ ಕುರ್ಚಿ ತೋರಿಸಿದರು, ಕೂತೆ.

"ಅತ್ತೆ, ನಾನು ಮೊದಲೇ ಹೇಳಬೇಕಿತ್ತು. ಹೇಳೋಕೇ ಬಂದಿದ್ದೆ ಅವತ್ತು. ನಿಮ್ಮಪ್ಪ ಹಾಗೆ ಮಾಡಿದ್ದು ನಿಮಗೆ ಗೊತ್ತಿರಲಿಲ್ಲ, ನಾನು…"

"ಯಾರು ಹೇಳಿದ್ದು ಗೊತ್ತಿರಲಿಲ್ಲ ಅಂತ?"

ಅತ್ತೆ ಎದುರಿನ ಕುರ್ಚಿ ಎಳೆದು ಕೂತರು.

"ಹದಿನಾರನೇ ವರ್ಷದಲ್ಲಿ ನನ್ನಪ್ಪನೇ ಹೇಳಿದ. ಶುಭ ಶುಕ್ರವಾರ. ಅಮ್ಮ ಚರ್ಚಿಗೆ ಹೋಗಿದ್ಲು. ದೋಣಿಗೆ ನೀರು ತುಂಬ್ತಾ ಇತ್ತು, ಹಗ್ಗ ಕೊಯ್ದೆ, ಕೊಯ್ಯದೇ ಇದ್ರೆ ಐದೂ ಜನ ಹೋಗ್ತಿದ್ವಿ ಅಂದ. ಆಮೇಲೆ, ಇಲ್ಲ, ಹೋಗ್ತಿದ್ವೋ ಇಲ್ವೋ ಗೊತ್ತಿಲ್ಲ ಅಂದ. ಕಿರುಚ್ತಾ ಇದ್ರಂತೆ. ಮಾವ ಸತ್ತಾಯ್ತು, ಇನ್ನು ನನಗೂ ನಿನಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ ಅಂತ ಬೈಬಲ್ ಮೇಲೆ ಕೈ ಇಡಿಸಿದ. ಅರವತ್ಮೂರು ವರ್ಷ ಆಯ್ತು. ಬಾಯಿ ಬಿಟ್ಟಿಲ್ಲ ನಾನು."

ಅತ್ತೆ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟರು.

"ಆ ಮೂವರ ಸಮಾಧಿಗೆ ವರ್ಷಾವರ್ಷ ನಾನೇ ಸುಣ್ಣ ಬಳಿದೆ. ಅವರ ಮನೆ ಮಕ್ಕಳಿಗೆ ಎಲ್ಲರಿಗಿಂತ ಮೊದಲು ಹಾಡು ಹೇಳಿಕೊಟ್ಟೆ. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಎಕ್ಸಿಲ್ದಾ ದೈವಭಕ್ತೆ ಅಂತ ಅವರೆಲ್ಲ ತಿಳ್ಕೊಂಡಿದಾರೆ ಅಂದ್ಕೊಂಡೆ." ಮೇಜಿನ ಮೇಲಿನ ಬಟ್ಟೆಯನ್ನು ಅಂಗೈಯಲ್ಲಿ ಒಂದು ಸಲ ಸವರಿದರು. "ನನಗೆ ಗೊತ್ತಿಲ್ಲದೇ ಇದ್ದದ್ದು ಒಂದೇ. ನಿಮಗೆಲ್ಲ ಗೊತ್ತಿತ್ತು ಅನ್ನೋದು."

"ಅತ್ತೆ, ಆ ನೀರು…"

"ಹನ್ನೊಂದು ಪದ್ಯ ಹಾಡಿದ್ರೆ ಗಂಟಲು ಒಣಗುತ್ತೆ ಅಂತಾನೇ ನಂಬಿದ್ದೆ ಕಣೇ. ನನ್ನಮ್ಮನೂ ಅಲ್ಲೇ ಕುಡೀತಿದ್ಲು. ನಾನೇ ಎಷ್ಟು ಮಕ್ಕಳಿಗೆ ಕಲಿಸಿದೆ, ಇಲ್ಲಿ ನಿಲ್ಲಿಸು, ನೀರು ಕುಡಿ ಅಂತ. ಅವರು ಮನೆಗೆ ಹೋಗಿ ಅಪ್ಪ-ಅಮ್ಮನಿಗೆ ಹೇಳಿರ್ತಾರೆ, ಇವತ್ತು ಅತ್ತೆ ನೀರು ಕುಡಿಯೋದು ಕಲಿಸಿದ್ರು ಅಂತ. ನಕ್ಕಿರ್ತಾರೆ."

"ಯಾರೂ ನಗಲಿಲ್ಲ ಅತ್ತೆ. ನಿಜವಾಗ್ಲೂ."

"ಹಾಗಾದ್ರೆ ಕನಿಕರ ಪಟ್ಟಿರ್ತಾರೆ. ನಕ್ಕಿದ್ರೇ ವಾಸಿ."

ಕ್ಷಮಿಸಿ ಅಂದೆ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಕಿಟಕಿಯ ಕಡೆ ತಿರುಗಿದ್ದರು. ಅಲ್ಲಿಂದ ಧಕ್ಕೆಯೂ ದಡದ ಉದ್ದಕ್ಕೆ ಹೋಗುವ ರಸ್ತೆಯೂ ಕಾಣುತ್ತಿದ್ದವು. ಊರಿರುವುದು ಆ ಒಂದೇ ರಸ್ತೆಯ ಮೇಲೆ.

"ನೀನು ಈಗ ಸುಳ್ಳು ಹೇಳಬಾರದು," ಅಂದರು. "ಅಷ್ಟು ಸಾಲ ನೀನು ನನಗೆ ತೀರಿಸಬೇಕು. ಧಕ್ಕೆಯಿಂದ ಶುರು ಮಾಡೋಣ. ಒಜಿತ್‌ಗೆ ಗೊತ್ತಿತ್ತಾ?"

ಆ ನೀಲಿ ಬಟ್ಟೆ ಕೊಳ್ಳಲು ಜೊತೆಗೆ ಹೋದವಳು.

"ಗೊತ್ತಿತ್ತು."

"ಅವಳ ತಾಯಿಗೆ?"

"ಗೊತ್ತಿತ್ತು."

"ಅಲ್ಸೀದ್‌ಗೆ? ಅವನ ಮದುವೇಲಿ ನಾನು ಹಾಡಿದ್ದೆ."

"ಗೊತ್ತಿತ್ತು ಅತ್ತೆ."

"ಅವನ ಪಕ್ಕದ ಮನೆ, ಜ್ಯುದಿತ್?"

"ಹೌದು."

"ಅವಳಿನ್ನೂ ಚಿಕ್ಕೋಳು."

"ಹೌದು. ಗೊತ್ತಿತ್ತು."

ಬೆರಳೆತ್ತಿ ತೋರಿಸುತ್ತಿರಲಿಲ್ಲ. ಕಣ್ಣಿನಿಂದಲೇ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಪೋಸ್ಟಾಫೀಸಿನವನು. ಹಳೆಯ ಪಾದ್ರಿ, ಈಗಿನ ಪಾದ್ರಿ. ಗಾಯನ ತಂಡದಲ್ಲಿ ಮೂವತ್ತು ವರ್ಷ ಅವರ ಬಲಕ್ಕೆ ನಿಂತು ಹಾಡಿದವಳು. ನಾನು ಹೌದು ಅನ್ನುತ್ತಲೇ ಹೋದೆ. ಒಂದೊಂದು ಹೌದಿಗೂ ಅವರು ತಲೆಯಾಡಿಸುತ್ತಿದ್ದರು, ಹಾಜರಿ ಕೂಗುವಾಗಿನ ಹಾಗೆ. ಎಲ್ಲಾದರೂ ಒಂದು ಕಡೆ ಇಲ್ಲ ಅನ್ನಬೇಕು, ಒಬ್ಬರಿಗಾದರೂ ಗೊತ್ತಿರಲಿಲ್ಲ ಅನ್ನಬೇಕು ಅಂತ ಹುಡುಕಿದೆ. ಯಾರೂ ಸಿಗಲಿಲ್ಲ.

ಧಕ್ಕೆಯಿಂದ ಎಣಿಸಿದರೆ ಹತ್ತನೆಯ ಮನೆ ಅಲ್ಸೀದನ ಅಣ್ಣನದು. ಹನ್ನೊಂದನೆಯದು ನಾವು ಕುಳಿತಿದ್ದ ಮನೆ.

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿದರು. ನನ್ನ ಹಿಂದಿನ ಗೋಡೆಯ ಮೇಲೆ ಏನಿದೆಯೆಂದು ನನಗೆ ಗೊತ್ತಿತ್ತು: ದೋಣಿಯ ಅಂಚಿನ ಮೇಲೆ ಕುಳಿತು ನಗುತ್ತಿರುವ ಫಿದೆಲ್‌ನ ಫೋಟೊ. ಅವನು ಹುಟ್ಟಿದ್ದು ಧಕ್ಕೆಯ ಪಕ್ಕದಲ್ಲೇ. ಬೆಳೆದದ್ದು ಇವೇ ಅಡುಗೆಮನೆಗಳಲ್ಲಿ. ನಾನು ಉತ್ತರವನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡೆ. ಯಾವ ಉತ್ತರವೆಂದು ನನಗೆ ಈಗಲೂ ಗೊತ್ತಿಲ್ಲ.

ಅವರು ಒಂದಷ್ಟು ಹೊತ್ತು ಅಲ್ಲೇ ನೋಡಿದರು. ಮತ್ತೆ ಕಿಟಕಿಯ ಕಡೆ ತಿರುಗಿದರು.

"ಹನ್ನೆರಡನೇ ಮನೆ," ಅಂದರು. "ಅವರಿಗೆ?"

"ಗೊತ್ತಿತ್ತು," ಅಂದೆ.